ಶಕ್ತಿಗೆ ತಕ್ಕ ತಪಸ್ಸು

ಬಸವಕಲ್ಯಾಣ, ಹುಮನಾಬಾದ್ ಕಡೆಯ ಸ್ತ್ರೀಯರು ಸ್ತನ ಕ್ಯಾನ್ಸರಿನ ಚಿಕಿತ್ಸೆಗೆ ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೋ ಸೊಲ್ಲಾಪುರ, ಹೈದರಾಬಾದುಗಳಿಗೋ ಹೋಗಿಬರುತ್ತಾರೆ. ಆಸ್ಪತ್ರೆಯ ದಿನಗಳಿಗಿಂತ ಮನೆಗೆ ಮರಳಿದ ಮೇಲಿನ ದಿನಗಳೇ ಕಠಿಣ. ಕಂಕುಳ ಗ್ರಂಥಿಗಳನ್ನು ತೆಗೆದ ಬದಿಯ ಕೈ ಬಾತುಕೊಳ್ಳುವ ಸಂಭವವುಂಟು. ತುಂಬಿದ ಕೊಡ ಎತ್ತಬಾರದು, ಆ ಕೈಗೆ ಸುಟ್ಟಗಾಯವಾಗಬಾರದು. ನಿತ್ಯ ಜೋಳದ ರೊಟ್ಟಿ ಬೇಯಿಸುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಅಷ್ಟಮಿ, ಚತುರ್ದಶಿಯ ಉಪವಾಸ ತಪ್ಪಿತಲ್ಲ ಎಂಬ ಕೊರಗು ಶ್ರಾವಿಕೆಯರಿಗೆ ಬೇರೆ. ಷೋಡಶಕಾರಣ ಭಾವನೆಗಳಲ್ಲಿ ‘ಶಕ್ತಿತಸ್ತಪ’ವೂ ಒಂದು. ಕಿಮೊಥೆರಪಿಯಿಂದ ಬಾಯಿ ಹುಣ್ಣಾಗಿ ರಕ್ತದ ಬಿಳಿಕಣಗಳು ಇಳಿದಿರುವಾಗ, ವೈದ್ಯರು ಹೇಳಿದ ಆಹಾರವನ್ನು ಹಗಲಿನಲ್ಲಿಯೇ ಸ್ವಲ್ಪಸ್ವಲ್ಪವಾಗಿ ಸ್ವೀಕರಿಸುವುದು ಧರ್ಮಕ್ಕೆ ವಿರುದ್ಧವಲ್ಲವೆಂದೇ ನನ್ನ ಮತ. ಸಂಶಯವಿದ್ದರೆ ಗುರುಗಳನ್ನು ಕೇಳೋಣ. ಔಷಧವನ್ನು ಮಾತ್ರ ನಿಲ್ಲಿಸಬಾರದು.

‘ಪೂರ್ವಕರ್ಮ’ವೆಂದು ರೋಗಿಯ ಎದುರಿಗೇ ನುಡಿಯುವವರಿದ್ದಾರೆ. ಅಸಾತಾವೇದನೀಯದ ವಿಚಾರ ಇರುವುದು ಆತ್ಮಶೋಧನೆಗೆ, ಪರರನ್ನು ಚುಚ್ಚುವುದಕ್ಕಲ್ಲ. ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯ ರೋಗವನ್ನು 22 ಪರೀಷಹಗಳಲ್ಲಿ ಎಣಿಸುತ್ತದೆ. ಅದೇ ಅಧ್ಯಾಯ ವೈಯಾವೃತ್ಯವನ್ನು ಅಂತರಂಗ ತಪಸ್ಸೆನ್ನುತ್ತದೆ. ಆ ಸೇವೆಗೆ ಪಾತ್ರರಾದ ಹತ್ತು ಬಗೆಯವರಲ್ಲಿ ಗ್ಲಾನರು, ಅಂದರೆ ರೋಗಪೀಡಿತರು, ಸೇರಿದ್ದಾರೆ. ಅದು ಮುನಿಸಂಘವನ್ನು ಕುರಿತ ಮಾತು, ನಿಜ. ಆದರೆ ಮನೆಯ ಗ್ಲಾನರಿಗೆ ಅದನ್ನು ಸಲ್ಲಿಸಬಾರದೇ? ಕೊಡವನ್ನು ಮಗ ಹೊರಲಿ, ರೊಟ್ಟಿ ಬೇಯಿಸಲು ಪತಿ ಕಲಿಯಲಿ. ಮುಂದಿನ ತಪಾಸಣೆಗೆ ಜೊತೆಗೆ ಹೋಗುವವರು ಯಾರೆಂಬುದು ಇಂದೇ ನಿಶ್ಚಯವಾಗಲಿ.