ನೀಸ್ ನಗರ ಮತ್ತು ನಮ್ಮ ಭೀಮಾತೀರ

ಕಡಲತೀರದ ವಿಲಾಸನಗರಗಳನ್ನು ಕಡಲೇ ಸೃಷ್ಟಿಸುತ್ತದೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಕಡಲು ಭೂಮಿಯ ಸುತ್ತಲೂ ಇದೆ. ವಿಲಾಸನಗರಗಳು ಮಾತ್ರ ಕೆಲವೇ ಕಡೆ ಇವೆ. ಆದುದರಿಂದ ಅವುಗಳ ಹುಟ್ಟಿಗೆ ನೀರು, ಗಾಳಿ, ಬಿಸಿಲುಗಳಲ್ಲದೆ ಇನ್ನೊಂದು ಕಾರಣವನ್ನೂ ಹುಡುಕಬೇಕಾಗುತ್ತದೆ. ಆ ಕಾರಣವೆಂದರೆ ದೂರದಿಂದ ಹರಿದುಬರುವ ಹಣ. ಫ್ರಾನ್ಸ್ ದೇಶದ ದಕ್ಷಿಣದಲ್ಲಿ, ಮೆಡಿಟರೇನಿಯನ್ ಸಮುದ್ರದ ಅಂಚಿನಲ್ಲಿರುವ ನೀಸ್ ನಗರ ಇದಕ್ಕೊಂದು ನಿದರ್ಶನ. ಆ ನಗರದ ಚರಿತ್ರೆಯಲ್ಲಿ ನಮ್ಮ ಕಲಬುರಗಿ ಸೀಮೆಗೂ ಒಂದು ಸಣ್ಣ ಪಾಲುಂಟು. ಅದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂಬುದು ಇಂದಿನ ನನ್ನ ಉದ್ದೇಶ.

ನಾನು ಅಫಜಲಪುರ ತಾಲೂಕಿನ ಹವಳಗಾದವನು. ಅಧ್ಯಾಪನವೃತ್ತಿಯಿಂದ ನಿವೃತ್ತನಾದ ಮೇಲೆ ಮಗಳು ಅಳಿಯಂದಿರ ಒತ್ತಾಯಕ್ಕೆ ಮಣಿದು ಫ್ರಾನ್ಸಿಗೆ ಹೋದವನು ನೀಸ್‌ನಲ್ಲಿ ನಾಲ್ಕು ದಿನ ತಂಗಿದ್ದೆ. ಅಲ್ಲಿನ ಕಡಲು ನಿಜವಾಗಿಯೂ ನೀಲಿ. ಆದರೆ ದಂಡೆಯಲ್ಲಿ ಮರಳಿಲ್ಲ; ನಮ್ಮ ಹಳ್ಳದ ಬದಿಯಲ್ಲಿರುವಂಥ ದುಂಡನೆಯ ಕಲ್ಲುಗಳು. ಬರಿಗಾಲಿನಲ್ಲಿ ನಡೆಯುವುದೇ ಕಷ್ಟ. ದಂಡೆಯುದ್ದಕ್ಕೂ ಸುಮಾರು ಏಳು ಕಿಲೋಮೀಟರು ಹಬ್ಬಿದ ವಿಶಾಲವಾದ ವಿಹಾರಪಥವಿದೆ. ಅಲ್ಲಲ್ಲಿ ಕುಳಿತು ಕಡಲು ನೋಡಲು ನೀಲಿ ಬಣ್ಣದ ಕುರ್ಚಿಗಳಿವೆ. ಈ ಪಥದ ಹೆಸರು ಫ್ರೆಂಚರದಲ್ಲ. ‘ಇಂಗ್ಲಿಷರ ವಿಹಾರಪಥ’ ಎಂದೇ ಅದರ ಅರ್ಥ. ನಗರದ ಕಥೆಯೆಲ್ಲ ಆ ಹೆಸರಿನಲ್ಲಿಯೇ ಅಡಗಿದೆ.

ಉತ್ತರಕ್ಕೆ ಆಲ್ಪ್ಸ್ ಪರ್ವತಗಳು ಶೀತಗಾಳಿಯನ್ನು ತಡೆಯುವುದರಿಂದ ನೀಸ್‌ನ ಚಳಿಗಾಲ ಹಿತಕರವಾಗಿರುತ್ತದೆ. ಸ್ಮಾಲೆಟ್ ಎಂಬ ಸ್ಕಾಟ್ಲೆಂಡಿನ ಕಾದಂಬರಿಕಾರ ಸ್ವತಃ ವೈದ್ಯನೂ ಆಗಿದ್ದ. ದೇಹಸ್ಥಿತಿ ಸುಧಾರಿಸಲೆಂದು ಇಲ್ಲಿ ತಂಗಿ 1766ರಲ್ಲಿ ತನ್ನ ಪ್ರವಾಸಕಥನವನ್ನು ಪ್ರಕಟಿಸಿದ. ಅನಂತರ ಕ್ಷಯರೋಗಿಗಳೂ ಶ್ರೀಮಂತರೂ ಚಳಿಗಾಲ ಕಳೆಯಲು ಬರತೊಡಗಿದರು. 1820ರ ದಶಕದಲ್ಲಿ ಇಲ್ಲಿ ನೆಲೆಸಿದ್ದ ಇಂಗ್ಲಿಷರು ಚಂದಾ ಕೂಡಿಸಿ, ಕೆಲಸವಿಲ್ಲದ ಬಡವರಿಗೆ ಕೂಲಿ ಕೊಟ್ಟು ಈ ದಾರಿಯನ್ನು ಮಾಡಿಸಿದರು. ನಮ್ಮ ಕಡೆ ಬರಗಾಲದಲ್ಲಿ ಜನರಿಂದ ಕೆರೆ, ರಸ್ತೆ ಮಾಡಿಸುತ್ತಿದ್ದುದನ್ನು ಇದು ನೆನಪಿಸುತ್ತದೆ. 1860ರಲ್ಲಿ ನೀಸ್ ಸಾರ್ಡೀನಿಯಾ ರಾಜ್ಯದಿಂದ ಫ್ರಾನ್ಸಿಗೆ ಸೇರಿತು. 1864ರಲ್ಲಿ ರೈಲು ಬಂತು. ರೈಲಿನ ಬೆನ್ನಿಗೆ ರಷ್ಯದ ಧನಿಕರೂ ಯೂರೋಪಿನ ರಾಜರೂ ಬಂದರು. ವಿಕ್ಟೋರಿಯಾ ರಾಣಿ 1895ರಿಂದ 1899ರವರೆಗೆ ನಗರದ ಸಿಮಿಯೇ ದಿಣ್ಣೆಯ ಮೇಲೆ ವಸಂತಕಾಲ ಕಳೆದಳು. 2021ರಲ್ಲಿ ಯುನೆಸ್ಕೊ ಸಂಸ್ಥೆ ಈ ನಗರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗೌರವ ಕೂಡ ಅದಕ್ಕೆ ಸಂದದ್ದು ಚಳಿಗಾಲದ ವಿಹಾರನಗರವೆಂದೇ.

ಇನ್ನು ನಮ್ಮ ಸಂಬಂಧದ ವಿಚಾರಕ್ಕೆ ಬರೋಣ. 1924ರ ಮಾರ್ಚ್ 3ರಂದು ತುರ್ಕಿಯ ಹೊಸ ಗಣರಾಜ್ಯ ಖಲೀಫನ ಪದವಿಯನ್ನೇ ರದ್ದುಗೊಳಿಸಿತು. ಕೊನೆಯ ಖಲೀಫ ಎರಡನೆಯ ಅಬ್ದುಲ್ ಮಜೀದರು ಪರಿವಾರದೊಂದಿಗೆ ದೇಶಭ್ರಷ್ಟರಾಗಿ ಮೊದಲು ಸ್ವಿಟ್ಜರ್ಲೆಂಡಿಗೂ ಆಮೇಲೆ ನೀಸ್‌ಗೂ ಬಂದರು. ರಾಜ್ಯ ಹೋಗಿತ್ತು, ಆದಾಯವೂ ಹೋಗಿತ್ತು. ಆಗ ಅವರ ನೆರವಿಗೆ ನಿಂತವರು ಹೈದರಾಬಾದಿನ ಏಳನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರು. ಅವರು ಖಲೀಫರಿಗೆ ತಿಂಗಳಿಗೆ 300 ಪೌಂಡುಗಳ ವೇತನವನ್ನು ಗೊತ್ತುಮಾಡಿದರು.

ಸಂಬಂಧ ಅಲ್ಲಿಗೆ ನಿಲ್ಲಲಿಲ್ಲ. 1931ರ ನವೆಂಬರ್ 12ರಂದು ನೀಸ್‌ನಲ್ಲಿ ಒಂದು ಜೋಡಿ ಮದುವೆ ನಡೆಯಿತು. ನಿಜಾಮರ ಹಿರಿಯ ಮಗ ಆಜಮ್ ಜಾ ಖಲೀಫರ ಮಗಳಾದ ದುರ್ರುಶೆಹ್ವಾರ್ ಅವರನ್ನೂ, ಕಿರಿಯ ಮಗ ಮುಅಜ್ಜಮ್ ಜಾ ಆಕೆಯ ಬಂಧುವಾದ ನಿಲೋಫರ್ ಅವರನ್ನೂ ವರಿಸಿದರು. ಹಿರಿಯ ವಧುವಿಗೆ 17 ವರ್ಷ, ಕಿರಿಯಳಿಗೆ 15. ಡಿಸೆಂಬರಿನಲ್ಲಿ ಅವರು ಪಿಲ್ಸ್‌ನಾ ಎಂಬ ಹಡಗನ್ನೇರಿ ಮುಂಬಯಿಯತ್ತ ಹೊರಟರು. ಲಂಡನ್ನಿನ ಎರಡನೆಯ ದುಂಡುಮೇಜಿನ ಪರಿಷತ್ತನ್ನು ಮುಗಿಸಿ ಗಾಂಧೀಜಿ ಮರಳಿದ್ದೂ ಅದೇ ಹಡಗಿನಲ್ಲಿ. ಒಂದೇ ಹಡಗಿನಲ್ಲಿ ಅಳಿದುಹೋದ ಒಂದು ಸಾಮ್ರಾಜ್ಯದ ಕುಡಿಗಳೂ, ಇನ್ನೊಂದು ಸಾಮ್ರಾಜ್ಯವನ್ನು ಅಲುಗಾಡಿಸುತ್ತಿದ್ದ ಮುದುಕನೂ!

ಆ ಕಾಲದಲ್ಲಿ ಗುಲ್ಬರ್ಗಾ ಜಿಲ್ಲೆ ಹೈದರಾಬಾದ್ ಸಂಸ್ಥಾನದ ಭಾಗ. ನಮ್ಮ ಅಫಜಲಪುರದ ಕಡೆಗೆ ಭೀಮಾನದಿಯೇ ಗಡಿ. ಈಚೆ ದಡ ನಿಜಾಮರದು, ಆಚೆ ದಡದ ವಿಜಾಪುರ ಜಿಲ್ಲೆ ಬ್ರಿಟಿಷರದು. ಈಚೆ ಹಾಲಿ ರೂಪಾಯಿ, ಆಚೆ ಕಲ್ದಾರ್ ರೂಪಾಯಿ. ನಮ್ಮಜ್ಜ ಹಾಲಿ ರೂಪಾಯಿಯಲ್ಲಿ ಕಂದಾಯ ಕಟ್ಟಿದವರು. ಮಳೆಯನ್ನೇ ನಂಬಿದ ಎರೆಭೂಮಿ. ಹಿಂಗಾರಿಯಲ್ಲಿ ಬಿಳಿಜೋಳ, ಮುಂಗಾರಿಯಲ್ಲಿ ತೊಗರಿ. ರಾಶಿ ಕಣದಲ್ಲಿರುವಾಗಲೇ ಕಂದಾಯದ ಚಿಂತೆ ಹತ್ತುತ್ತಿತ್ತೆಂದು ಅವರು ಹೇಳುತ್ತಿದ್ದರು. ಭೂಕಂದಾಯ, ಅಬಕಾರಿ, ಸುಂಕ ಇವೇ ಸಂಸ್ಥಾನದ ಆದಾಯದ ಮೂಲಗಳಾಗಿದ್ದವು. ಖಲೀಫರ ವೇತನಕ್ಕೂ ಅರಸುಮಕ್ಕಳ ವಿವಾಹಕ್ಕೂ ಹಣ ಯಾವ ಪೆಟ್ಟಿಗೆಯಿಂದ ಬಂದಿದ್ದರೂ, ಆ ಪೆಟ್ಟಿಗೆಗಳೆಲ್ಲ ತುಂಬಿದ್ದು ಇಂಥ ಹೊಲಗಳಿಂದಲೇ. ಹವಳಗಾದ ಒಕ್ಕಲಿಗ ನೀಸ್ ನಗರವನ್ನು ಕಂಡಿರಲಿಲ್ಲ, ಅದರ ಹೆಸರನ್ನೂ ಕೇಳಿರಲಿಲ್ಲ. ಆದರೂ ಅವನ ಜೋಳದ ತೆನೆಯ ಒಂದೆರಡು ಕಾಳು ಆ ದಿಣ್ಣೆಯ ಮನೆಗಳನ್ನು ತಲುಪಿದ್ದವು.

ಇದನ್ನು ನಾನು ದೂರಿಗಾಗಿ ಹೇಳುತ್ತಿಲ್ಲ. ದೇಶ ಕಳೆದುಕೊಂಡವನಿಗೆ ಅನ್ನವಿಡುವುದು ತಪ್ಪಲ್ಲ. ಆದರೆ ಅನ್ನವಿಟ್ಟವನ ಹೆಸರು ಚರಿತ್ರೆಯಲ್ಲಿ ದಾಖಲಾಗುತ್ತದೆ, ಅನ್ನ ಬೆಳೆದವನದು ಆಗುವುದಿಲ್ಲ. ನೀಸ್‌ನಲ್ಲಿಯೂ ಹಾಗೆಯೇ. ಹಳೆಯ ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ‘ಸೊಕ್ಕಾ’ ಎಂಬ ತಿನಿಸನ್ನು ಮಾರುತ್ತಾರೆ. ಕಡಲೆಹಿಟ್ಟನ್ನು ನೀರು, ಎಣ್ಣೆಗಳಲ್ಲಿ ಕಲಸಿ, ದೊಡ್ಡ ತಟ್ಟೆಯಲ್ಲಿ ತೆಳ್ಳಗೆ ಹರಡಿ ಬೇಯಿಸಿದ್ದು. ಅದು ಅಲ್ಲಿನ ದುಡಿಯುವ ಜನರ ಆಹಾರವಾಗಿತ್ತು. ಜುಣಕ ತಿಂದು ಬೆಳೆದ ನನಗೆ ಆ ರುಚಿ ಹೊಸತೆನಿಸಲಿಲ್ಲ. ಅರಮನೆಯಂಥ ಹೋಟೆಲುಗಳ ಕಲ್ಲು ಹೊತ್ತವರು, ಅಲ್ಲಿ ಹಾಸಿಗೆ ಹಾಸಿದವರು ಇದನ್ನು ತಿಂದವರೇ ಅಲ್ಲವೆ?

ಆದರೆ ಹಣ ಒಂದೇ ದಿಕ್ಕಿಗೆ ಹರಿಯಿತು, ಮರಳಿ ಏನೂ ಬರಲಿಲ್ಲ ಎಂದರೆ ಅದೂ ಸತ್ಯವಾಗದು. ಕಿರಿಯ ಸೊಸೆ ನಿಲೋಫರ್ ತಾಯ್ತನದ ಭಾಗ್ಯ ಕಾಣಲಿಲ್ಲ. ಆಕೆಯ ಪರಿಚಾರಿಕೆಯೊಬ್ಬಳು ಹೆರಿಗೆಯಲ್ಲಿ ತೀರಿಕೊಂಡಳು. ಆ ದುಃಖ ಹೈದರಾಬಾದಿನಲ್ಲಿ ತಾಯಿಮಕ್ಕಳಿಗಾಗಿ ಒಂದು ಆಸ್ಪತ್ರೆಯ ಸ್ಥಾಪನೆಗೆ ಪ್ರೇರಣೆಯಾಯಿತು. 1953ರಲ್ಲಿ ಆರಂಭವಾದ ನಿಲೋಫರ್ ಆಸ್ಪತ್ರೆ ಇಂದಿಗೂ ಸರ್ಕಾರಿ ಆಸ್ಪತ್ರೆಯಾಗಿ ನಡೆಯುತ್ತಿದೆ. ದುರ್ರುಶೆಹ್ವಾರ್ ಅವರ ಹೆಸರಿನಲ್ಲಿಯೂ ಆ ಊರಿನಲ್ಲಿ ಒಂದು ಆಸ್ಪತ್ರೆಯುಂಟು. ನಿಲೋಫರ್ 1989ರಲ್ಲಿ ಪ್ಯಾರಿಸಿನಲ್ಲಿಯೂ ದುರ್ರುಶೆಹ್ವಾರ್ 2006ರಲ್ಲಿ ಲಂಡನ್ನಿನಲ್ಲಿಯೂ ಕಣ್ಮುಚ್ಚಿದರು. ಅವರು ಸೊಸೆಯರಾಗಿ ಬಂದ ಸಂಸ್ಥಾನ 1948ರ ಸೆಪ್ಟೆಂಬರ್ 17ರಂದೇ ಕೊನೆಗೊಂಡಿತ್ತು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ವಿಶಾಲ ಮೈಸೂರಿಗೆ ಸೇರಿತು.

ಸಂಸ್ಥಾನ ಹೋಯಿತು, ಖಿಲಾಫತ್ತು ಹೋಯಿತು, ಚಳಿಗಾಲಕ್ಕೆ ಬರುತ್ತಿದ್ದ ರಾಜರೂ ಹೋದರು. ಉಳಿದದ್ದು ಅಲ್ಲೊಂದು ವಿಹಾರಪಥ, ಇಲ್ಲೊಂದು ಆಸ್ಪತ್ರೆ. ಎರಡರ ಬಾಗಿಲೂ ಇಂದು ಸಾಮಾನ್ಯರಿಗೆ ತೆರೆದಿದೆ. ನಮ್ಮ ಮಕ್ಕಳು, ಮೊಮ್ಮಕ್ಕಳು ಈಗ ಇಂಥ ಊರುಗಳಿಗೆ ಹೋಗಿಬರುತ್ತಾರೆ. ಹೋಗಲಿ, ಕಣ್ತುಂಬ ನೋಡಲಿ. ಆದರೆ ಸುಂದರವಾದ ಯಾವ ನಗರವನ್ನು ಕಂಡಾಗಲೂ, ಇದನ್ನು ಕಟ್ಟಲು ಯಾವ ಊರಿನ ಯಾರ ಕಣದಿಂದ ಕಾಳು ಬಂತೆಂದು ಒಮ್ಮೆ ಕೇಳಿಕೊಳ್ಳಲಿ. ಹಾಗೆ ಕೇಳಿಕೊಂಡವನಿಗೆ ಆ ನಗರದ ಚೆಲುವು ಕಡಿಮೆಯಾಗಿ ಕಾಣುವುದಿಲ್ಲ. ತನ್ನ ಊರಿನ ಹೊಲ ಮಾತ್ರ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ.