ಪಶ್ಚಿಮದ ಗೋಡೆಗೆ ಅಂಗೈ ಒತ್ತಿ ನೋಡಿ

ಏಪ್ರಿಲ್ ತಿಂಗಳ ಒಂದು ರಾತ್ರಿ, ಎಂಟೂವರೆ ಗಂಟೆ. ಬೆಂಗಳೂರಿನ ಹೊರವಲಯದಲ್ಲಿ ಹೊಸದಾಗಿ ಎದ್ದ ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿಯಲ್ಲಿ ಗೆಳೆಯನ ಮನೆ. ಬಾಲ್ಕನಿಯಲ್ಲಿ ನಿಂತರೆ ತಂಪು ಗಾಳಿ, ಮಲಗುವ ಕೋಣೆಗೆ ಕಾಲಿಟ್ಟರೆ ಸೆಕೆ. ಪಶ್ಚಿಮದ ಗೋಡೆಗೆ ಅಂಗೈ ಒತ್ತಿ ನೋಡಿದೆ. ಜ್ವರ ಬಂದ ಮಗುವಿನ ಹಣೆಯಂತೆ ಬೆಚ್ಚಗಿತ್ತು. ಸೂರ್ಯ ಮುಳುಗಿ ಎರಡು ಗಂಟೆ ಕಳೆದಿತ್ತು. “ಫ್ಯಾನ್ ಹಾಕಿದ್ರೆ ಬಿಸಿಗಾಳಿನೇ ಬರೋದು ಕಣೋ, ಈ ವರ್ಷ ಎಸಿ ಹಾಕಿಸ್ಲೇಬೇಕು” ಎಂದ ಗೆಳೆಯ.

ಅಂಗೈಗೆ ತಾಗಿದ್ದು ಸಂಜೆ ನಾಲ್ಕರ ಬಿಸಿಲು. ಹದಿನೈದು ಸೆಂಟಿಮೀಟರ್ ಕಾಂಕ್ರೀಟನ್ನು ದಾಟಿ ಒಳಗೆ ಬರಲು ಶಾಖಕ್ಕೆ ಹೆಚ್ಚುಕಡಿಮೆ ನಾಲ್ಕು ಗಂಟೆ ಬೇಕು. ಹೊರಗೆ ನಾಲ್ಕಕ್ಕೆ ಕಾದ ಗೋಡೆ ಒಳಗೆ ಎಂಟಕ್ಕೆ ಕಾಯುತ್ತದೆ, ಮನೆಮಂದಿ ಕೆಲಸ ಮುಗಿಸಿ ಬಂದು ಕೂರುವ ಹೊತ್ತಿಗೆ ಸರಿಯಾಗಿ. ಸುಟ್ಟ ಇಟ್ಟಿಗೆಯ ಒಂಬತ್ತಿಂಚಿನ ಗೋಡೆಯಾಗಿದ್ದರೆ ಅದೇ ಶಾಖ ಆರೇಳು ಗಂಟೆ ತೆಗೆದುಕೊಳ್ಳುತ್ತಿತ್ತು, ದಾರಿಯಲ್ಲೇ ಬಹುಪಾಲು ಸೋತು ಬರುತ್ತಿತ್ತು. ಅಷ್ಟು ಹೊತ್ತಿಗೆ ಕಿಟಕಿ ತೆರೆದರೆ ಬೆಂಗಳೂರಿನ ರಾತ್ರಿಗಾಳಿ ಉಳಿದದ್ದನ್ನು ಹೊತ್ತೊಯ್ಯುತ್ತಿತ್ತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಊರಿನ ಭಾಗ್ಯವೇ ಆ ರಾತ್ರಿಯ ತಂಪು. ನಮ್ಮ ಹೊಸ ಗೋಡೆಗಳು ಅದನ್ನು ಕಳೆಯುತ್ತಿವೆ ಎಂಬುದು ನನ್ನ ಸಂಕಟ.

ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಗೋಡೆಯೇ ಮನೆಯನ್ನು ಹೊರುತ್ತಿತ್ತು. ಸೈಜುಕಲ್ಲಿನ ಪಾಯ, ಅದರ ಮೇಲೆ ಕಲ್ಲು ಇಲ್ಲವೇ ಇಟ್ಟಿಗೆ, ಮೇಲೆ ಮಂಗಳೂರು ಹಂಚು ಅಥವಾ ಮದರಾಸು ತಾರಸಿ. ಹೊರೆ ಹೊರುವ ಗೋಡೆ ದಪ್ಪಗಿರಲೇಬೇಕು, ಮಹಡಿ ಏರಿದಷ್ಟೂ ಕೆಳಗಿನದು ಇನ್ನೂ ದಪ್ಪ. ಹಾಗಾಗಿ ಆ ಪದ್ಧತಿಯಲ್ಲಿ ಎರಡು ಮೂರು ಮಹಡಿ ದಾಟುವುದು ಕಷ್ಟ. ಕಬ್ಬಿಣದ ಕಂಬಿ ಸೇರಿದ ಕಾಂಕ್ರೀಟು ಬಂದು ಹೊರೆಯನ್ನೆಲ್ಲ ಪಿಲ್ಲರು ಮತ್ತು ಬೀಮುಗಳಿಗೆ ವರ್ಗಾಯಿಸಿತು. ಎಂ.ಜಿ. ರಸ್ತೆಯಲ್ಲಿ ಯುಟಿಲಿಟಿ ಬಿಲ್ಡಿಂಗ್ 1970ರ ದಶಕದಲ್ಲೇ ಇಪ್ಪತ್ತೈದು ಮಹಡಿ ಎದ್ದು ನಿಂತದ್ದು ಕಾಂಕ್ರೀಟಿನ ಬಲದಿಂದಲೇ. ಗೋಡೆ ಬರೀ ಮರೆಗಷ್ಟೇ ಉಳಿಯಿತು. ಒಂಬತ್ತಿಂಚು ಆರಾಯಿತು, ಒಳಗೋಡೆಗಳು ನಾಲ್ಕಿಂಚಿಗೆ ಇಳಿದವು.

ಗೋಡೆ ಬೇಡವೆಂದ ಮೇಲೆ ನೆಲಮಹಡಿಯಲ್ಲಿ ಅದನ್ನು ಪೂರ್ತಿ ತೆಗೆದು ಕಾರು ನಿಲ್ಲಿಸಿದರು. ಇದರ ಅಪಾಯ 2001ರ ಜನವರಿ 26ರಂದು ಗುಜರಾತಿನ ಭುಜ್ ಭೂಕಂಪದಲ್ಲಿ ಕಂಡಿತು. ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ಆಚೆಯ ಅಹಮದಾಬಾದಿನಲ್ಲಿ ಇಂಥ ಎಷ್ಟೋ ಅಪಾರ್ಟ್‌ಮೆಂಟುಗಳು ಕುಸಿದವು. ಮೇಲಿನ ಮಹಡಿಗಳಲ್ಲಿ ಗೋಡೆಗಳು ಪಿಲ್ಲರುಗಳ ನಡುವೆ ಬಿಗಿದು ಕೂತಿರುತ್ತವೆ, ಕೆಳಗೆ ಬರೀ ಕಾಲುಗಳು. ನೆಲ ಅಲುಗಿದಾಗ ಮೇಲಿನದೆಲ್ಲ ಒಂದೇ ಪೆಟ್ಟಿಗೆಯಂತೆ ಓಲಾಡಿ, ಬಾಗುವ ಕಷ್ಟವೆಲ್ಲ ಆ ಕಾಲುಗಳ ಪಾಲಾಗುತ್ತದೆ. ಬೆಂಗಳೂರು ಭೂಕಂಪದ ದೃಷ್ಟಿಯಿಂದ ಅಷ್ಟು ಅಪಾಯದ ಊರಲ್ಲ. ಆದರೂ ಪಾರ್ಕಿಂಗ್ ಪಿಲ್ಲರುಗಳನ್ನು ಲೆಕ್ಕ ಹಾಕಿಯೇ ಕಟ್ಟಬೇಕು, ಮೇಸ್ತ್ರಿಯ ಅಂದಾಜಿನ ಮೇಲೆ ಬಿಡುವಂಥದ್ದಲ್ಲ.

ಈಗ ಹೊರೆ ಮತ್ತೆ ಗೋಡೆಗೇ ಬಂದಿದೆ. ಅಲ್ಯೂಮಿನಿಯಂ ಅಚ್ಚಿನಲ್ಲಿ ಗೋಡೆಯನ್ನೇ ಕಾಂಕ್ರೀಟಿನಿಂದ ಎರೆಯುವ ಈ ವಿಧಾನವನ್ನು ಸೈಟಿನಲ್ಲಿ ‘ಮೈವಾನ್’ ಎನ್ನುತ್ತಾರೆ. ಅದು ಒಂದು ಕಂಪನಿಯ ಹೆಸರು, ಅಚ್ಚು ಯಾರದ್ದಾದರೂ ಹೆಸರು ಮಾತ್ರ ಅದೇ ನಿಂತಿದೆ. ಒಬ್ಬ ಆಳು ಎತ್ತಬಹುದಾದ ಹಲಗೆಗಳನ್ನು ಪಿನ್ನು ಹೊಡೆದು ಜೋಡಿಸಿ, ನಡುವೆ ಕಂಬಿಯ ಜಾಲ, ವೈರಿನ ಪೈಪು, ಸ್ವಿಚ್ ಬಾಕ್ಸುಗಳನ್ನೆಲ್ಲ ಮೊದಲೇ ಕೂರಿಸುತ್ತಾರೆ. ಆಮೇಲೆ ಗೋಡೆ, ಮೇಲಿನ ಮೋಲ್ಡು ಎರಡಕ್ಕೂ ಒಂದೇ ಸಲ ಕಾಂಕ್ರೀಟು. ಒಂದು ದಿನಕ್ಕೆಲ್ಲ ಗೋಡೆಯ ಹಲಗೆ ಬಿಚ್ಚಿ, ಮೋಲ್ಡಿನಲ್ಲೇ ಬಿಟ್ಟ ಕಿಂಡಿಯಿಂದ ಮೇಲಿನ ಮಹಡಿಗೆ ಕೈಯಿಂದ ಕೈಗೆ ದಾಟಿಸುತ್ತಾರೆ. ವಾರ, ಹತ್ತು ದಿನಕ್ಕೊಂದು ಮಹಡಿ. ಪಕ್ಕದ ಸೈಟು ನಿಮ್ಮ ಕಣ್ಣೆದುರೇ ಬೆಳೆದು ಆಕಾಶ ಮುಚ್ಚಿದ್ದು ಹೀಗೆ.

ಇದರ ಗುಣವನ್ನು ಒಪ್ಪಬೇಕು. ಇಡೀ ಮಹಡಿ ಏಕಶಿಲೆಯಂತೆ ನಿಲ್ಲುತ್ತದೆ, ಭೂಕಂಪಕ್ಕೆ ಗಟ್ಟಿ, ಇಟ್ಟಿಗೆಯ ಸಂದಿನಿಂದ ಸೋರುವ ಕಾಟ ಕಡಿಮೆ. ಆದರೆ ಇಲ್ಲಿ ಗೋಡೆಯೇ ಪಿಲ್ಲರು. ಹಾಲ್ ದೊಡ್ಡದಾಗಲೆಂದು ನಡುವಿನ ಗೋಡೆ ಒಡೆಸುವುದೆಂದರೆ ಮೇಲಿನ ಮನೆಗಳ ಕಾಲನ್ನು ಕಡಿದ ಹಾಗೆ. ಹೀಗೆ ಒಡೆಸಲು ಹೊರಟವರನ್ನು ನಾನು ಬಲ್ಲೆ, ದಯವಿಟ್ಟು ಮಾಡಬೇಡಿ.

ಗೋಡೆ ತೆಳ್ಳಗಾಗಲು ವೇಗವೊಂದೇ ಕಾರಣವಲ್ಲ. 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಲೆಕ್ಕದಲ್ಲಿ ಒಳಗೋಡೆಗಳನ್ನು ಸೇರಿಸುತ್ತದೆ, ಹೊರಗೋಡೆಯನ್ನು ಬಿಡುತ್ತದೆ. ಕಾಯ್ದೆ ಒಳ್ಳೆಯದೇ, ಕೊಂಡವರಿಗೆ ನ್ಯಾಯ ಕೊಟ್ಟಿದೆ. ಆದರೆ ಹೊರಗೋಡೆಯಲ್ಲಿ ಉಳಿಸಿದ ಪ್ರತಿ ಇಂಚೂ ಮಾರಬಹುದಾದ ಜಾಗವಾಗುತ್ತದೆ. ದಪ್ಪ ಗೋಡೆ ಕಟ್ಟಲು ಯಾವ ಬಿಲ್ಡರಿಗೆ ತಾನೇ ಮನಸ್ಸು ಬಂದೀತು?

ದಾರಿ ಇಲ್ಲದಿಲ್ಲ. ಎಎಸಿ ಬ್ಲಾಕನ್ನೇ ನೋಡಿ, ಮುರಿದ ತುಂಡಿನ ತುಂಬ ಬ್ರೆಡ್ಡಿನಂತೆ ಸಣ್ಣ ಸಣ್ಣ ತೂತು. ಹಾರುಬೂದಿ, ಸಿಮೆಂಟು, ಸುಣ್ಣದ ಹಿಟ್ಟಿಗೆ ಚಿಟಿಕೆ ಅಲ್ಯೂಮಿನಿಯಂ ಪುಡಿ ಬೆರೆಸಿದರೆ ಜಲಜನಕ ಹುಟ್ಟಿ ಹಿಟ್ಟು ಇಡ್ಲಿಯಂತೆ ಉಬ್ಬುತ್ತದೆ. ಆಮೇಲೆ ಒತ್ತಡದ ಹಬೆಯಲ್ಲಿ ಬೇಯಿಸುತ್ತಾರೆ. ಜಲಜನಕ ಹೊರಟುಹೋಗಿ ತೂತಿನಲ್ಲಿ ಗಾಳಿ ನಿಲ್ಲುತ್ತದೆ. ನಿಂತ ಗಾಳಿ ಶಾಖಕ್ಕೆ ಸುಲಭವಾಗಿ ದಾರಿ ಬಿಡುವುದಿಲ್ಲ. ಎಂಟಿಂಚಿನ ಎಎಸಿ ಗೋಡೆ ಆರಿಂಚಿನ ಕಾಂಕ್ರೀಟು ಗೋಡೆ ಬಿಡುವ ಶಾಖದಲ್ಲಿ ಸುಮಾರು ಕಾಲು ಭಾಗವನ್ನಷ್ಟೇ ಒಳಗೆ ಬಿಡುತ್ತದೆ. ಬ್ಲಾಕೂ ಪಿಲ್ಲರೂ ಸೇರುವಲ್ಲಿ ಜಾಲರಿ ಹಾಕದೆ ಪ್ಲಾಸ್ಟರ್ ಮಾಡಿದರೆ ಮಾತ್ರ ಉದ್ದುದ್ದ ಬಿರುಕು ಬರುತ್ತದೆ.

ಪಶ್ಚಿಮದ ಗೋಡೆಯನ್ನೇ ಎತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ನಡುಹಗಲಿನ ಸೂರ್ಯ ನಮ್ಮಲ್ಲಿ ನೆತ್ತಿಯ ಸಮೀಪವೇ ಇರುತ್ತಾನೆ, ಏಪ್ರಿಲ್ ಕೊನೆಗೆ ಬೆಂಗಳೂರಿನಲ್ಲಿ ನೆರಳೇ ಇಲ್ಲದ ದಿನವೂ ಬರುತ್ತದೆ. ಆ ಬಿಸಿಲನ್ನು ದಕ್ಷಿಣದ ಕಿಟಕಿಯಲ್ಲಿ ಎರಡಡಿಯ ಸಜ್ಜಾ ತಡೆದೀತು. ಸಂಜೆಯ ಬಿಸಿಲು ಓರೆಯಾಗಿ ನೇರ ಗೋಡೆಗೇ ಬಡಿಯುತ್ತದೆ, ಸಜ್ಜಾ ಏನೂ ಮಾಡಲಾರದು. ಲಿಫ್ಟು, ಮೆಟ್ಟಿಲು, ಬಚ್ಚಲುಮನೆಗಳನ್ನು ಆ ಕಡೆಗೆ ತಳ್ಳುವ ವಾಸ್ತುಶಿಲ್ಪಿಗೆ ಇದು ಗೊತ್ತಿರುತ್ತದೆ. ಹೊರಗೋಡೆ, ಕಿಟಕಿಗಳಿಂದ ಒಳಬರುವ ಶಾಖಕ್ಕೆ ಮಿತಿ ಹಾಕುವ ‘ಇಕೋ ನಿವಾಸ್ ಸಂಹಿತೆ’ಯನ್ನು ಕೇಂದ್ರ ಸರ್ಕಾರ 2018ರಲ್ಲೇ ತಂದಿದೆ. ಫ್ಲ್ಯಾಟ್ ಕೊಳ್ಳುವವರು ಅದರ ಬಗ್ಗೆ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಕಟ್ಟಿ ಆಗಿಹೋದ ಮನೆಯಲ್ಲಿ ಬಿಸಿಲನ್ನು ಹೊರಗೇ ತಡೆಯುವುದು ಉತ್ತಮ: ತಿಳಿಬಣ್ಣ, ಕಿಟಕಿಯ ಹೊರಗೆ ಬಿದಿರಿನ ತಟ್ಟಿ, ಬಾಲ್ಕನಿಯಲ್ಲಿ ಬಳ್ಳಿ. ಗೆಳೆಯನಿಗೆ ಪಶ್ಚಿಮದ ಗೋಡೆಯ ಒಳಬದಿಯ ಉದ್ದಕ್ಕೂ ಬಟ್ಟೆಯ ಕಪಾಟು ಸಾಲಿಡು ಎಂದೆ. ಬಟ್ಟೆ, ಮರ, ನಡುವಿನ ಗಾಳಿ ಮೂರೂ ಶಾಖಕ್ಕೆ ಅಡ್ಡ.

ಇನ್ನು ಮನೆ ನೋಡಲು ಹೊರಟವರಿಗೊಂದು ಮಾತು. ಭಾನುವಾರ ಬೆಳಿಗ್ಗೆ ಹೋಗಬೇಡಿ. ಬೇಸಿಗೆಯ ಸಂಜೆ ಏಳರ ಮೇಲೆ ಹೋಗಿ, ಪಶ್ಚಿಮದ ಗೋಡೆಗೆ ಅಂಗೈ ಒತ್ತಿ, ಈ ಗೋಡೆ ಯಾವುದರದ್ದು, ಎಷ್ಟಿಂಚಿನದು ಎಂದು ಕೇಳಿ. ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.