ಹೊಟ್ಟೆಯ ರೊಟ್ಟಿ, ಎದೆಯ ಉಸಿರು, ಹಗೇವಿನ ಗಾಳಿ

ಒಕ್ಕಲುತನದ ಪುಟದಲ್ಲಿ ಮನುಷ್ಯನ ಜಠರ, ಪುಪ್ಪುಸಗಳ ಮಾತು ಯಾಕೆಂದು ವಾಚಕ ಬಂಧುಗಳು ಕೇಳಬಹುದು. ಎತ್ತಿನ ಹೊಟ್ಟೆ ಉಬ್ಬಿದರೆ ಕೂಡಲೆ ಗುರುತಿಸುವ ನಾವು, ನಮ್ಮ ಒಡಲಿನಲ್ಲಿ ಹಗಲಿರುಳು ನಡೆಯುವ ಕೆಲಸವನ್ನು ಅಷ್ಟು ಅರಿತಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಜೋಳದ ನಾಡಿನವರಿಗಂತೂ ಈ ಅರಿವು ಬಹಳ ಅವಶ್ಯ. ಯಾಕಂದರೆ ನಾವು ಉಸಿರಾಡುವಂತೆ ಹಗೇವಿನೊಳಗಿನ ಜೋಳವೂ ಉಸಿರಾಡುತ್ತದೆ. ಇದನ್ನು ಮರೆತಲ್ಲಿ ಜೀವ ಹೋಗುತ್ತದೆ.

ಮೊದಲು ರೊಟ್ಟಿಯ ದಾರಿಯನ್ನು ನೋಡೋಣ. ಜೋಳದಲ್ಲಿ ಹೆಚ್ಚಾಗಿರುವದು ಪಿಷ್ಟ. ತುತ್ತನ್ನು ನುಣ್ಣಗೆ ಅಗಿದರೆ ಬರಬರುತ್ತ ಸಿಹಿಯಾಗುವದನ್ನು ಎಲ್ಲರೂ ಕಂಡಿದ್ದೇವೆ. ಬಾಯೊಳಗಿನ ಜೊಲ್ಲು ಪಿಷ್ಟವನ್ನು ಸಕ್ಕರೆಯ ಕಡೆಗೆ ಒಡೆಯತೊಡಗಿದ ಗುರುತು ಅದು. ಆದ್ದರಿಂದ ಗಡಿಬಿಡಿಯಲ್ಲಿ ನುಂಗುವವನು ಹಲ್ಲಿನ ಕೆಲಸವನ್ನು ಹೊಟ್ಟೆಯ ಮೇಲೆ ಹೇರುತ್ತಾನೆ.

ಗಂಟಲಿನಲ್ಲಿ ಎರಡು ದಾರಿ ಕೂಡುತ್ತವೆ. ಮುಂದಿನದು ಗಾಳಿಯ ಕೊಳವೆ, ಹಿಂದಿನದು ಅನ್ನದ ಕೊಳವೆ. ನುಂಗುವಾಗ ಒಂದು ಚಿಕ್ಕ ಮುಚ್ಚಳವು ಬಾಗಿ ಗಾಳಿಯ ದಾರಿಯನ್ನು ಮುಚ್ಚುತ್ತದೆ. ಉಣ್ಣುತ್ತ ನಕ್ಕರೆ ಅಥವಾ ಮಾತಾಡಿದರೆ ಅಗಳು ಗಾಳಿಯ ದಾರಿಗೆ ಹೊರಳುತ್ತದೆ. ‘ನೆತ್ತಿಗೆ ಹತ್ತಿತು’ ಅನ್ನುತ್ತೇವಲ್ಲ, ಅದು ನೆತ್ತಿಗೆ ಹೋದದ್ದಲ್ಲ, ಗಾಳಿಯ ಕೊಳವೆಗೆ ಹೋದದ್ದು. ಕೆಮ್ಮು ಅದನ್ನು ಹೊರಗೆ ದೂಡುತ್ತದೆ.

ಅನ್ನನಾಳವನ್ನಿಳಿದ ತುತ್ತು ಜಠರದಲ್ಲಿ ಹುಳಿರಸದೊಡನೆ ಕಡೆಯಲ್ಪಟ್ಟು ಅಂಬಲಿಯಂತಾಗುತ್ತದೆ. ಮುಂದೆ ಸಣ್ಣ ಕರುಳು. ಹೆಸರು ಸಣ್ಣದಾದರೂ ಅದರ ಉದ್ದ ಸುಮಾರು 20 ಅಡಿ. ಪಿತ್ತರಸವೂ ಮೇದೋಜೀರಕ ರಸವೂ ಅಲ್ಲಿ ಬಂದು ಸೇರುತ್ತವೆ. ಪಿಷ್ಟವು ಸಕ್ಕರೆಯಾಗಿ, ಬೇಳೆಯ ಸತ್ವವೂ ಎಣ್ಣೆಯೂ ಸಣ್ಣ ಸಣ್ಣ ಕಣಗಳಾಗಿ ಒಡೆದು, ಕರುಳಿನ ಗೋಡೆಯಿಂದ ಮೈಯೊಳಗೆ ಇಳಿಯುತ್ತವೆ. ಉಳಿದ ನೀರನ್ನು ಸುಮಾರು 5 ಅಡಿ ಉದ್ದದ ದೊಡ್ಡ ಕರುಳು ಹೀರಿಕೊಳ್ಳುತ್ತದೆ.

ಆದರೆ ನೆತ್ತರಿನಲ್ಲಿ ಸಕ್ಕರೆ ಸೇರಿದ ಮಾತ್ರಕ್ಕೆ ತೋಳಿಗೆ ಕಸುವು ಬರುವದಿಲ್ಲ. ಒಲೆಯಲ್ಲಿ ಕಟ್ಟಿಗೆ ಇಟ್ಟರೆ ಸಾಕೆ? ಗಾಳಿಯೂ ಬೇಕು. ಮೈಯೊಳಗಿನ ಸಕ್ಕರೆ ಕಸುವಾಗಲಿಕ್ಕೆ ಪ್ರಾಣವಾಯು, ಅಂದರೆ ಆಮ್ಲಜನಕ ಬೇಕು. ಅದನ್ನು ತರುವದೇ ಪುಪ್ಪುಸಗಳ ಕೆಲಸ.

ನಾವು ಎಳೆದುಕೊಳ್ಳುವ ಗಾಳಿಯ 100 ಪಾಲಿನಲ್ಲಿ ಸುಮಾರು 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಹೊರಗೆ ಬಿಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು 16 ಪಾಲಿಗೆ ಇಳಿದಿರುತ್ತದೆ, ಇಂಗಾಲಾಮ್ಲವಾಯು ಸುಮಾರು 4 ಪಾಲಿಗೆ ಏರಿರುತ್ತದೆ. ಎದೆಗೂ ಹೊಟ್ಟೆಗೂ ನಡುವೆ ವಪೆಯೆಂಬ ಸ್ನಾಯುವಿನ ಪರದೆಯುಂಟು. ಅದು ಕೆಳಗಿಳಿದಾಗ ತಿದಿ ಹಿಗ್ಗಿದಂತೆ ಪುಪ್ಪುಸಗಳು ಹಿಗ್ಗಿ ಗಾಳಿ ಒಳಗೆ ಬರುತ್ತದೆ. ಸುಮ್ಮನೆ ಕುಳಿತವನು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆ. ಒಂದೊಂದು ಉಸಿರಿಗೆ ಅರ್ಧ ಲೀಟರಿನಷ್ಟು ಗಾಳಿ. ಚೀಲ ಹೊರುವಾಗ ಗಾಳಿಯ ಬೇಡಿಕೆ ಹಲವು ಪಟ್ಟು ಏರುತ್ತದೆ.

ಪುಪ್ಪುಸಗಳ ತುದಿಯಲ್ಲಿ 30 ಕೋಟಿಗೂ ಮಿಕ್ಕಿ ಸಣ್ಣ ಗಾಳಿಗೂಡುಗಳಿವೆ. ಅವುಗಳ ಗೋಡೆ ಬಹು ತೆಳುವು. ಹೆಚ್ಚಿದ್ದ ಕಡೆಯಿಂದ ಕಡಿಮೆಯಿದ್ದ ಕಡೆಗೆ ವಾಯು ಹರಿಯುವದು ಇಲ್ಲಿಯ ನಿಯಮ. ಎಳೆದ ಗಾಳಿಯಲ್ಲಿ ಆಮ್ಲಜನಕ ಹೆಚ್ಚು, ಮೈಸುತ್ತಿ ಬಂದ ನೆತ್ತರಿನಲ್ಲಿ ಕಡಿಮೆ. ಆದ್ದರಿಂದ ಅದು ನೆತ್ತರಿಗೆ ಇಳಿಯುತ್ತದೆ. ಈ ನಿಯಮವನ್ನು ನೆನಪಿನಲ್ಲಿಡಿರಿ.

ಇನ್ನು ಹಗೇವಿನ ಮಾತು. ನಮ್ಮ ಮರಾಠಿ ನೆರೆಯವರು ಇದಕ್ಕೆ ಪೇವ ಅನ್ನುತ್ತಾರೆ. ಕಾಳು ಸತ್ತ ವಸ್ತುವಲ್ಲ. ಅದರಲ್ಲಿ ಮೊಳಕೆಯ ಜೀವವಿದೆ. ಅದೂ ತನ್ನ ಪಿಷ್ಟವನ್ನು ಸವೆಸಿ, ಆಮ್ಲಜನಕವನ್ನು ಎಳೆದು, ಇಂಗಾಲಾಮ್ಲವಾಯುವನ್ನು ಬಿಡುತ್ತದೆ. ಹಸಿಯಿದ್ದಷ್ಟು ಅದರ ಉಸಿರು ಜೋರು. ಹುಳುಗಳೂ ಬೂಷ್ಟೂ ಇದಕ್ಕೆ ಕೂಡುತ್ತವೆ. ಬಾಯಿ ಮುಚ್ಚಿ ಮಣ್ಣು ಮೆತ್ತಿದ ಹಗೇವಿನಲ್ಲಿ ಹೀಗೆ ಪ್ರಾಣವಾಯು ತೀರುತ್ತ ಬರುತ್ತದೆ. ಅದು ತೀರಿದಾಗ ಹುಳು ಸಾಯುತ್ತವೆ, ಕಾಳು ಉಳಿಯುತ್ತದೆ. ನಮ್ಮ ಹಿರಿಯರ ಜಾಣ್ಮೆ ಇದೇ. ಆದರೆ ಹುಳುವನ್ನು ಕೊಂದ ಗಾಳಿ ಮನುಷ್ಯನನ್ನು ಬಿಡುವದೆ?

“ಮಾಸ್ತರ್ರೆ, ಹಗೇವಿನ್ಯಾಗ ಭೂತ ಇರತದಂತ, ಖರೇ ಏನ್ರಿ?” ಎಂದು ಸಾಲೆಯ ಹುಡುಗರು ಕೇಳುತ್ತಾರೆ. ಭೂತವಿಲ್ಲ. ಇಂಗಾಲಾಮ್ಲವಾಯು ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಳದಲ್ಲಿ ನೀರಿನಂತೆ ನಿಂತಿರುತ್ತದೆ.

ಬಾವಿಯಲ್ಲಿ ಮುಳುಗಿ ಒಂದು ನಿಮಿಷ ಉಸಿರು ಕಟ್ಟಬಲ್ಲ ಗಟ್ಟಿ ಈಜುಗಾರನು ಹಗೇವಿನಲ್ಲಿ ಕೆಲವೇ ಉಸಿರಿಗೆ ಬೀಳುವದು ಯಾಕೆ? ಮೇಲೆ ಹೇಳಿದ ನಿಯಮವೇ ಕಾರಣ. ನೀರಿನಲ್ಲಿ ಅವನ ಎದೆಯೊಳಗೆ ಒಳ್ಳೆಯ ಗಾಳಿ ತುಂಬಿರುತ್ತದೆ. ಹಗೇವಿನಲ್ಲಿ ಎಳೆದ ಗಾಳಿಯಲ್ಲಿ ಆಮ್ಲಜನಕವೇ ಇಲ್ಲದಿದ್ದರೆ, ಅದು ನೆತ್ತರಿನಿಂದಲೇ ತಿರುಗಿ ಹೊರಕ್ಕೆ ಹರಿಯುತ್ತದೆ. ಒಂದೊಂದು ಉಸಿರೂ ಕೊಡುವದರ ಬದಲು ಕಸಿಯುತ್ತದೆ. ಮೆದುಳಿಗೆ ಪ್ರಾಣವಾಯು ನಾಲ್ಕಾರು ನಿಮಿಷ ತಪ್ಪಿದರೂ ಕೇಡು ಶಾಶ್ವತವಾಗಬಹುದು.

ಇಂಥ ಅವಘಡದಲ್ಲಿ ಬಹಳ ಸಲ ಒಬ್ಬನೇ ಸಾಯುವದಿಲ್ಲ. ಅಣ್ಣ ಬಿದ್ದನೆಂದು ತಮ್ಮ ಇಳಿಯುತ್ತಾನೆ, ತಮ್ಮ ಬಿದ್ದನೆಂದು ತಂದೆ ಇಳಿಯುತ್ತಾನೆ. ಕರುಳು ಕರೆಯುವದು ಸಹಜ. ಆದರೆ ಹಾಗೆ ಇಳಿದವರಿಂದ ಬಿದ್ದವನಿಗೆ ಉಪಕಾರವಾಗುವದಿಲ್ಲ.

ಆದಕಾರಣ ಈ ಕಟ್ಟಳೆಗಳನ್ನು ಪಾಲಿಸಿರಿ. ಹಗೇವಿನ ಬಾಯಿ ತೆಗೆದ ದಿನ ಯಾರೂ ಒಳಗೆ ಬಗ್ಗಬಾರದು, ಇಳಿಯಬಾರದು. ಭಾರವಾದ ಗಾಳಿ ತಾನಾಗಿ ಮೇಲೇರದು. ಕೊಳವೆಯನ್ನು ತಳದವರೆಗೆ ಬಿಟ್ಟು ಗಾಳಿಯಂತ್ರದಿಂದ ಹೊಸ ಗಾಳಿಯನ್ನು ಬಹಳ ಹೊತ್ತು ಊದಬೇಕು. ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಸಿದಾಗ ಆರಿದರೆ ಇಳಿಯಲೇಬಾರದು. ಆರಲಿಲ್ಲವೆಂದು ಪೂರ್ತಿ ನಂಬಲೂ ಬಾರದು. ಇಳಿಯುವವನ ಎದೆಗೆ ಹಗ್ಗ ಬಿಗಿದಿರಬೇಕು. ಅದರ ತುದಿ ಮೇಲೆ ನಿಂತ ಇಬ್ಬರು ಗಟ್ಟಿಗರ ಕೈಯಲ್ಲಿರಬೇಕು. ಅವನು ಮಾತಿಗೆ ಓಗೊಡದಿದ್ದರೆ ಇವರು ಎಳೆಯಬೇಕೇ ಹೊರತು ಇಳಿಯಬಾರದು. ಕೂಡಲೆ 112 ಇಲ್ಲವೆ 108ಕ್ಕೆ ಫೋನು ಮಾಡಿರಿ. ಮೇಲೆ ತಂದವನ ಉಸಿರು ನಿಂತಿದ್ದರೆ ಅಂಗಾತ ಮಲಗಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತಿರಿ. ಪ್ರತಿ 30 ಒತ್ತಿಗೆ 2 ಸಲ ಬಾಯಿಂದ ಉಸಿರು ಊದಿರಿ.

ಹಗೇವುಗಳು ಈಗ ಬಹಳ ಕಡೆ ಮುಚ್ಚಿಹೋಗಿವೆ, ಜೋಳವು ಚೀಲಕ್ಕೂ ತಗಡಿನ ಕಣಜಕ್ಕೂ ಏರಿದೆ. ಆದರೆ ಹಾಳುಬಾವಿಗಳಿವೆ, ಗೋಬರ್ ಗ್ಯಾಸಿನ ಗುಂಡಿಗಳಿವೆ, ಮನೆಮನೆಗೆ ಪಾಯಖಾನೆಯ ಟಾಕಿಗಳಾಗಿವೆ. ಗೋಬರ್ ಗ್ಯಾಸಿನ ಗುಂಡಿಗೂ ಟಾಕಿಗೂ ಕಂದೀಲು ಇಳಿಸುವ ಮಾತೇ ಬೇಡ, ಅಲ್ಲಿಯ ಅನಿಲಕ್ಕೆ ಬೆಂಕಿ ಹತ್ತುತ್ತದೆ. ಅಲ್ಲಿ ಕೊಳೆತ ಮೊಟ್ಟೆಯ ನಾತದ ಇನ್ನೊಂದು ವಿಷಗಾಳಿಯೂ ಇರುತ್ತದೆ. ಅದು ಹೆಚ್ಚಾದಾಗ ಮೂಗೇ ಸತ್ತು, ನಾತ ಹೋಯಿತೆಂದು ತೋರುತ್ತದೆ. ರಕ್ಷಣೆಯ ಸಾಧನವಿಲ್ಲದೆ ಪಾಯಖಾನೆಯ ಟಾಕಿಗೆ ಆಳನ್ನು ಇಳಿಸುವದು 2013ರ ಕಾನೂನಿನಂತೆ ಅಪರಾಧ. ಯಂತ್ರದ ಗಾಡಿಯನ್ನು ಕರೆಸಿರಿ. ಕೂಲಿಯವನ ಎದೆಯಲ್ಲಿರುವವೂ ನಮ್ಮಂಥವೇ ಪುಪ್ಪುಸಗಳು.

ಒಂದು ವರ್ಷದ ಜೋಳ ಕೆಟ್ಟರೆ ಮುಂದಿನ ಹಿಂಗಾರಿಗೆ ಬೆಳೆದೇವು. ಹೋದ ಉಸಿರನ್ನು ಯಾವ ಹೊಲದಲ್ಲಿ ಬೆಳೆಯುವದು? ಓದು ಬಾರದ ಹಿರಿಯರಿಗೂ ಮನೆಯ ಆಳುಮಕ್ಕಳಿಗೂ ಇದನ್ನು ಇಂದೇ ಓದಿ ಹೇಳಿರಿ.